ಜೂನ್ 31ರ ಡೀಸೆಲ್ಲು, ಜೊತೆಗೊಂದು ಲಾಯರ್ ನೋಟಿಸು

ಬಿ ಬ್ಲಾಕ್ ಖಜಾಂಚಿ

ನಮಸ್ಕಾರ. ಬೆಂಗಳೂರಿನ ಸರ್ಜಾಪುರ ರಸ್ತೆ ಕಡೆ ನಮ್ಮದು 148 ಮನೆಗಳ ಅಪಾರ್ಟ್‌ಮೆಂಟು. ಬ್ಯಾಂಕಲ್ಲಿ ಮೂವತ್ತು ವರ್ಷ ಲೆಕ್ಕ ನೋಡಿದವನು ಅಂತ ನನ್ನ ಕೊರಳಿಗೇ ಖಜಾಂಚಿಗಿರಿ ಕಟ್ಟಿದ್ದಾರೆ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ), ಜನರೇಟರ್ ಎಲ್ಲಾ ಒಂದೇ ಮೇಂಟೆನೆನ್ಸ್ ಕಂಪನಿ ಕೈಲಿತ್ತು.

ಡೀಸೆಲ್ ಖರ್ಚು ಯಾಕೋ ಜಾಸ್ತಿ ಅನ್ನಿಸಿ ಒಂದು ಭಾನುವಾರ ಜನರೇಟರ್ ಲಾಗ್‌ಬುಕ್ ಹಿಡಿದು ಕೂತೆ. ತಿಂಗಳಿಡೀ ಒಂದೇ ಪೆನ್ನು, ಒಂದೇ ಕೈಬರಹ. ಕೊನೇ ಸಾಲಲ್ಲಿ ಜೂನ್ 31, 2 ಗಂಟೆ 10 ನಿಮಿಷ, 40 ಲೀಟರ್. ಜೂನಿಗೆ 31 ಯಾವಾಗ ಬಂತು ಸ್ವಾಮಿ? ಅದಕ್ಕೆ ಸೂಪರ್‌ವೈಸರ್ ಸಹಿ, ಸೀಲು ಬೇರೆ.

ಸಭೆ ಕರೆದು ನಿರ್ಣಯ ಮಾಡಿ, 60 ದಿನದ ನೋಟಿಸ್ ಕೊಟ್ಟು ಬಿಡಿಸಿದ್ವಿ. ಕೊನೇ ಎರಡು ತಿಂಗಳ ಬಿಲ್ಲು, 11.4 ಲಕ್ಷ, ತಡೆಹಿಡಿದಿದ್ದೇವೆ. ಹೋಗುವಾಗ ಲಿಫ್ಟಿನ ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಕಾಗದ, ಪಂಪಿನ ವಾರಂಟಿ ಕಾರ್ಡು, ಗೇಟ್ ಆ್ಯಪ್ ಪಾಸ್‌ವರ್ಡು ಏನೂ ಕೊಡಲಿಲ್ಲ. ಈಗ ಬಡ್ಡಿ ಸಮೇತ ಕಟ್ಟಿ ಅಂತ ನೋಟಿಸು. ಕೋರ್ಟಿನ ಹೊರಗೆ ತೀರ್ಪು ಹೇಳೋ ಆರ್ಬಿಟ್ರೇಟರನ್ನ ಅವರ ಎಂಡಿಯೇ ನೇಮಿಸಿಬಿಟ್ಟಿದ್ದಾರೆ. ಅಗ್ರಿಮೆಂಟಲ್ಲಿ ಹಾಗೇ ಇದೆ, ಹಿಂದಿನ ಕಮಿಟಿಯವರು ಓದದೆ ಸಹಿ ಹಾಕಿದ್ದಾರೆ. ನಾವು ಗ್ರಾಹಕರ ಆಯೋಗಕ್ಕೆ ಹೋಗಬಹುದಾ?

ಕರಿಕೋಟು

ಸರ್, ಅಸೋಸಿಯೇಷನ್ ಯಾವ ಕಾಯ್ದೆ ಕೆಳಗಿದೆ ಅಂತ ಮೊದಲು ನೋಡಿ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ, 1972ರ ಕೆಳಗೆ ಆಗಿದ್ದರೆ ಅಸೋಸಿಯೇಷನ್ ಹೆಸರಲ್ಲಿ ಗ್ರಾಹಕರ ದೂರು ನಿಲ್ಲೋದು ಕಷ್ಟ. ಶೋಭಾ ಹಿಬಿಸ್ಕಸ್ ಪ್ರಕರಣದಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ: ಅದು ಕಾನೂನಿನಿಂದ ಹುಟ್ಟಿದ ಸಂಸ್ಥೆ, ಸ್ವಯಂಪ್ರೇರಿತ ಗ್ರಾಹಕರ ಸಂಘ ಅಲ್ಲ. ಮನೆ ಮಾಲೀಕರು ಸೇರಿ, ಆಯೋಗದ ಅನುಮತಿ ಪಡೆದು ಹಾಕೋ ದಾರಿ ಬೇರೆ ಇದೆ. ಎರಡು ವರ್ಷದೊಳಗೆ ಹಾಕಬೇಕು.

ಎಂಡಿ ನೇಮಿಸಿದ ಆರ್ಬಿಟ್ರೇಟರಿಗೆ ಹೆದರಬೇಡಿ. ಜಗಳದಲ್ಲಿ ಪಾಲಿರೋನೇ ತೀರ್ಪು ಹೇಳೋನನ್ನ ಒಬ್ಬನೇ ಆರಿಸೋ ಹಾಗಿಲ್ಲ, ಪರ್ಕಿನ್ಸ್ ಈಸ್ಟ್‌ಮನ್ ತೀರ್ಪು, 2019. ಕೂಡಲೇ ಲಿಖಿತ ಆಕ್ಷೇಪಣೆ ಕಳಿಸಿ. 'ನಮಗೆ ಒಪ್ಪಿಗೆ' ಅನ್ನೋ ಯಾವ ಕಾಗದಕ್ಕೂ ಸಹಿ ಬೇಡ, ಆಮೇಲೆ ಅದೇ ಕುಣಿಕೆ ಆಗುತ್ತೆ. ಇಬ್ಬರೂ ಒಂದು ಹೆಸರಿಗೆ ಬರದಿದ್ದರೆ ಆರ್ಬಿಟ್ರೇಷನ್ ಕಾಯ್ದೆಯ 11ನೇ ಸೆಕ್ಷನ್ ಕೆಳಗೆ ಹೈಕೋರ್ಟ್ ನೇಮಿಸುತ್ತೆ. ಆದರೆ ಆರ್ಬಿಟ್ರೇಷನ್ ಷರತ್ತೇ ಬಿದ್ದುಹೋಯ್ತು ಅಂತ ಖುಷಿಪಡಬೇಡಿ, ಅದು ಇದ್ದೇ ಇರುತ್ತೆ.

ಮಾಜಿ ಸೆಕ್ರೆಟರಿ

ಕಹಿ ಮಾತು ಹೇಳ್ತೀನಿ, ಬೇಜಾರಾಗಬೇಡಿ. ಜೂನ್ 31ರ ಡೀಸೆಲ್ಲಿಗೆ ಸೆಕ್ಯುರಿಟಿಯವರ ಸಂಬಳ ಯಾಕೆ ಹಿಡಿದ್ರಿ? 11.4 ಲಕ್ಷದಲ್ಲಿ ತಕರಾರಿರೋದು ಎಷ್ಟು? ನಾವೂ ಹೀಗೇ ಪೂರ್ತಿ ಬಿಲ್ಲು ಹಿಡಿದು ಕೂತಿದ್ವಿ. ಕಂಪನಿ ಅದನ್ನೇ ನೆಪ ಮಾಡಿ ಹುಡುಗರಿಗೆ ಸಂಬಳ ಕೊಡದೆ ಕೈಯೆತ್ತಿತು, ಅವರೆಲ್ಲ ನಮ್ಮ ಗೇಟಿಗೇ ಬಂದು ನಿಂತರು. ಪಿಎಫ್ ಕಟ್ಟದೇ ಇದ್ದರೆ ಅದೂ ಸುತ್ತಿ ಸುತ್ತಿ ನಿಮ್ಮ ತಲೆಗೇ ಬರಬಹುದು. ಚಲನ್ ಪ್ರತಿ ಕೇಳಿ. ತಕರಾರಿಲ್ಲದ ದುಡ್ಡು ಪತ್ರ ಬರೆದು ಕೊಟ್ಟುಬಿಡಿ.

ಇನ್ನು ಲಾಗ್‌ಬುಕ್ಕು. ತಾರೀಖು ಬರೆಯೋವಾಗ ತಪ್ಪಾಯ್ತು ಅಂತ ಅವರ ಲಾಯರು ಒಂದೇ ಮಾತಲ್ಲಿ ಮುಗಿಸ್ತಾನೆ. ಜನರೇಟರ್ ಪ್ಯಾನೆಲ್ಲಲ್ಲಿ ಒಟ್ಟು ಎಷ್ಟು ಗಂಟೆ ಓಡಿದೆ ಅಂತ ತೋರಿಸೋ ಅವರ್ ಮೀಟರ್ ಇರುತ್ತೆ ನೋಡಿ, ಅದನ್ನ ಪೆನ್ನಲ್ಲಿ ತಿದ್ದೋಕಾಗಲ್ಲ. ಸರ್ವಿಸ್ ಸ್ಟಿಕ್ಕರಿನ ಮೇಲಿರೋ ರೀಡಿಂಗ್ ಜೊತೆ ತಾಳೆ ನೋಡಿ. ಲಿಫ್ಟ್ ಕಾಗದಕ್ಕೆ ಇವರ ಬೆನ್ನು ಹತ್ತಬೇಡಿ. ಎಎಂಸಿ ಅಸೋಸಿಯೇಷನ್ ಹೆಸರಲ್ಲಿದ್ದರೆ ಲಿಫ್ಟ್ ಕಂಪನಿಯವರೇ ನಕಲು ಕೊಡ್ತಾರೆ.

ಬಿ ಬ್ಲಾಕ್ ಖಜಾಂಚಿ

ಕರಿಕೋಟು ಅವರೇ, ನಮ್ಮದು 1972ರ ಕಾಯ್ದೇದೇ, ಆ ಕಾಯ್ದೆ ಕೆಳಗೆ ಮಾಡಿದ ಘೋಷಣಾ ಪತ್ರ, ಡೀಡ್ ಆಫ್ ಡಿಕ್ಲರೇಷನ್, ಫೈಲಲ್ಲಿ ಸಿಕ್ಕಿತು. ಆಕ್ಷೇಪಣೆ ಇವತ್ತೇ ಸ್ಪೀಡ್ ಪೋಸ್ಟಲ್ಲಿ ಹೋಯ್ತು.

ಸೆಕ್ರೆಟರಿಯವರೇ, ಟಾರ್ಚ್ ಹಿಡಿದು ಹೋಗಿದ್ದೆ. ಮಾರ್ಚ್ 4ರ ಸ್ಟಿಕ್ಕರ್ ಮೇಲೆ 3,298 ಗಂಟೆ. ಕಂಪನಿ ಬಿಟ್ಟು ಹೋದ ದಿನ ಎಲೆಕ್ಟ್ರಿಷಿಯನ್ ತೆಗೆದಿದ್ದ ಫೋಟೋದಲ್ಲಿ 3,412. ಅಂದರೆ ಓಡಿದ್ದು 114 ಗಂಟೆ. ಅದೇ ಅವಧಿಗೆ ಲಾಗ್‌ಬುಕ್ ಕೂಡಿಸಿದರೆ 211. ಎರಡು ಸಲ ಕೂಡಿಸಿದೆ, ಹಳೇ ಚಾಳಿ.

ಸಂಬಳದ ವಿಷಯದಲ್ಲಿ ನನ್ನದೇ ತಪ್ಪು. ರಾತ್ರಿ ಪಾಳಿಯ ವಾಚ್‌ಮನ್ ಹೋದ ವಾರ ಬಂದು, "ಸಾರ್, ಎರಡು ತಿಂಗಳಾಯ್ತು" ಅಂದಿದ್ದ. ನಿಮ್ಮ ಕಂಪನೀನ ಕೇಳಪ್ಪ ಅಂದು ಬಾಗಿಲು ಹಾಕಿದ್ದೆ. ಡೀಸೆಲ್ ಬಿಟ್ಟು ಉಳಿದದ್ದಕ್ಕೆ ಸೋಮವಾರ ಚೆಕ್ಕು, ಜೊತೆಗೆ ಸಂಬಳ ಹಾಕಿದ ಬ್ಯಾಂಕ್ ದಾಖಲೆ ಮತ್ತು ಪಿಎಫ್ ಚಲನ್ ಕೇಳೋ ಪತ್ರ. ಪತ್ರದ ಕರಡು ಇಲ್ಲಿ ಹಾಕ್ತೀನಿ, ಕರಿಕೋಟು ಅವರು ಒಮ್ಮೆ ಕಣ್ಣಾಡಿಸಿದರೆ ಉಪಕಾರ.