ಚೆಸ್‌ನಲ್ಲಿ ಫ್ರೆಂಚ್ ಆಡಿದರೆ ಬರೀ ಡ್ರಾನಾ?

ಮಗಳಿಗೆ 12 ವರ್ಷ. ಕಪ್ಪು ಕಾಯಿ ಬಂದಾಗೆಲ್ಲ ಫ್ರೆಂಚ್ ಡಿಫೆನ್ಸ್ ಅನ್ನೋ ಓಪನಿಂಗ್ (ಆಟ ಶುರುಮಾಡುವ ಕ್ರಮ) ಆಡುತ್ತಾಳೆ. ಮೊನ್ನೆ ರೇಟಿಂಗ್ ಟೂರ್ನಿಯಲ್ಲಿ ಅವಳಿಗಿಂತ 200 ಪಾಯಿಂಟ್ ಮೇಲಿದ್ದ ಹುಡುಗ ಮೂರನೇ ನಡೆಗೇ ಡಿ5ರಲ್ಲಿ ಪಾನ್ ಹೊಡೆದು ಎಕ್ಸ್‌ಚೇಂಜ್ (ಪಾನ್‌ಗೆ ಪಾನ್ ಅದಲುಬದಲು) ಮಾಡಿಬಿಟ್ಟ. 17ನೇ ನಡೆಗೆ ಇಬ್ಬರೂ ಒಪ್ಪಿ ಡ್ರಾ. ಅವಳಿಗೆ ಖುಷಿ, ಕೋಚ್‌ಗೆ ಸಿಟ್ಟು. ಓಪನಿಂಗ್ ಬದಲಿಸಬೇಕಾ? ಆಡಿ ಗೊತ್ತಿರುವವರು ಹೇಳಿ.

— ಬೇಡ ಸರ್. ನಾನೂ ಫ್ರೆಂಚ್ ಆಡುವವನೇ. ಎಕ್ಸ್‌ಚೇಂಜ್ ಆದಮೇಲೆ ಪಾನ್‌ಗಳು ಎರಡೂ ಕಡೆ ಒಂದೇ ಥರ, ಇ ಸಾಲು ಖಾಲಿ. ಬಿಳಿ ಆಡಿದ್ದನ್ನೇ ನಾವೂ ಆಡುತ್ತಾ ಹೋದರೆ ಆನೆಗಳೆಲ್ಲ ಆ ಸಾಲಿನಲ್ಲೇ ಹೊಡೆದಾಡಿ ಖಾಲಿಯಾಗುತ್ತವೆ. ನಾನೂ ಮೊದಮೊದಲು ಹಾಗೇ ಮಾಡಿ ಎಷ್ಟೋ ಆಟ ಡ್ರಾ ಮಾಡಿಕೊಂಡೆ. ಈಗ ರಾಜನ ಕಡೆಯ ಕುದುರೆಯನ್ನು ಎಫ್6ಕ್ಕೆ ಬಿಡಲ್ಲ, ಇ7ಕ್ಕೆ ತರುತ್ತೇನೆ. ಬಿಷಪ್ ಡಿ6ರಲ್ಲಿ, ಇನ್ನೊಂದು ಕುದುರೆ ಸಿ6ರಲ್ಲಿ. ಅವರು ರಾಜನ ಕಡೆ ಕ್ಯಾಸ್ಲಿಂಗ್ (ಒಂದೇ ನಡೆಯಲ್ಲಿ ರಾಜ, ಆನೆ ಎರಡನ್ನೂ ಸರಿಸುವುದು) ಮಾಡಿದರೆ ನಾನು ಕ್ವೀನ್ ಕಡೆ. ಅಲ್ಲಿಂದ ಜಗಳ ಶುರು! 1990ರ ಮನಿಲಾ ಇಂಟರ್‌ಜೋನಲ್‌ (ವಿಶ್ವ ಚಾಂಪಿಯನ್‌ಶಿಪ್‌ನ ಅರ್ಹತಾ ಟೂರ್ನಿ) ಕೊನೆ ಸುತ್ತಿನ ಆಟ ಮಗಳಿಗೆ ತೋರಿಸಿ. ಮುಂದಿನ ಹಂತಕ್ಕೆ ಹೋಗಲು ಮಿಖಾಯಿಲ್ ಗುರೆವಿಚ್‌ಗೆ ಡ್ರಾ ಸಾಕಿತ್ತು, ಬಿಳಿಯಲ್ಲಿ ಇದೇ ಎಕ್ಸ್‌ಚೇಂಜ್ ಆಡಿದರು. ಕಪ್ಪಿನಲ್ಲಿದ್ದ ನೈಜಲ್ ಶಾರ್ಟ್ ಗೆದ್ದುಬಿಟ್ಟರು.

— ಲೆಕ್ಕ ನೋಡಿ ಸರ್. 200 ಮೇಲಿನವರ ಜೊತೆ ಡ್ರಾ ಅಂದರೆ, ಮಕ್ಕಳಿಗೆ ಫಿಡೆ (ವಿಶ್ವ ಚೆಸ್ ಸಂಸ್ಥೆ) ಇಟ್ಟಿರುವ 40ರ ಕೆ (ರೇಟಿಂಗ್ ಎಷ್ಟು ಏರಿಳಿಯುತ್ತದೆ ಅನ್ನೋ ಗುಣಕ) ಪ್ರಕಾರ ಸುಮಾರು 10 ಪಾಯಿಂಟ್ ಏರುತ್ತದೆ. ಕಪ್ಪು ಕಾಯಲ್ಲಿ! ಕೋಚ್‌ಗೆ ಸ್ವಲ್ಪ ತಾಳ್ಮೆ ಇರಲಿ.

— ಆದರೆ ಒಂದು ವಿಷಯ. ಕೆಲವು ಟೂರ್ನಿಗಳಲ್ಲಿ ಇಂತಿಷ್ಟು ನಡೆ ಆಗುವ ತನಕ ಒಪ್ಪಂದದ ಡ್ರಾ ಇಲ್ಲ ಅಂತ ಇರುತ್ತದೆ, ಮೊದಲೇ ಕೇಳಿಕೊಳ್ಳಿ. ಡ್ರಾ ಕೇಳುವ ಕ್ರಮವೂ ಇದೆ: ನಡೆ ಆಡಬೇಕು, ಡ್ರಾ ಅನ್ನಬೇಕು, ಆಮೇಲೆ ಗಡಿಯಾರ ಒತ್ತಬೇಕು. ನಾನೊಮ್ಮೆ ಎದುರಾಳಿ ಯೋಚನೆ ಮಾಡುತ್ತಿರುವಾಗ ಬಾಯಿಬಿಟ್ಟೆ. ಅವನು ಸುಮ್ನೆ ಕೈ ಎತ್ತಿ ಆರ್ಬಿಟರ್‌ನ (ತೀರ್ಪುಗಾರರನ್ನು) ಕರೆದ. ಎಚ್ಚರಿಕೆ ಸಿಕ್ಕಿತು, ಡ್ರಾ ಸಿಗಲಿಲ್ಲ. ಆ ಆಟ ಸೋತೆ ಕೂಡ.

— ಕೇಳಿದವನು ನಾನೇ. ಎಲ್ಲರಿಗೂ ಥ್ಯಾಂಕ್ಸ್. ರಾತ್ರಿ ಸ್ಕೋರ್‌ಶೀಟ್ ಇಟ್ಟುಕೊಂಡು ಬೋರ್ಡ್ ಹಾಕಿದೆವು. ನೀವು ಹೇಳಿದ ಹಾಗೇ, ಎಂಟನೇ ನಡೆ ತನಕ ಮಗಳು ಆ ಹುಡುಗನ ನಡೆಗಳನ್ನೇ ಕಾಪಿ ಮಾಡಿದ್ದಳು. ಕುದುರೆ ಇ7ಕ್ಕೆ ಇಟ್ಟು ತೋರಿಸಿದೆ. ಬೋರ್ಡ್ ತಿರುಗಿಸಿ, "ಅಪ್ಪಾ, ನೀನು ಬಿಳಿ ಆಡು" ಅಂದಳು. ಹನ್ನೊಂದೂವರೆ ತನಕ ಬಿಡಲಿಲ್ಲ.