ಸಹಾಯ ಬೇಕು: ಎರೆಮಣ್ಣಿನ ಭತ್ತದ ಗದ್ದೆಯನ್ನು ಎಷ್ಟು ಆರಲು ಬಿಡಬೇಕು?

ಎಲ್ಲರಿಗೂ ನಮಸ್ಕಾರ. ನಮ್ಮದು ಗಂಗಾವತಿ ಭಾಗದ ಎರೆಭೂಮಿ, ಕಾಲುವೆ ನೀರಾವರಿ. ಸದಾ ನೀರು ನಿಂತ ಕೆಸರಿನಲ್ಲಿ ಗಾಳಿಯಾಡದೆ, ವಾತಾವರಣವನ್ನು ಬಿಸಿಯಾಗಿಸುವ ಮೀಥೇನ್ ಅನಿಲ ಹುಟ್ಟುತ್ತದೆ ಎಂಬ ಕಾರಣಕ್ಕೆ, ಈ ಹಂಗಾಮಿನಲ್ಲಿ ತೂತು ಕೊರೆದ ಪಿವಿಸಿ ಪೈಪನ್ನು ಗದ್ದೆಯಲ್ಲಿ ಹೂತು, ಅದರೊಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದ ಮೇಲೆಯೇ ಮತ್ತೆ ನೀರು ಹಾಯಿಸುವ ಕ್ರಮವನ್ನು ಅನುಸರಿಸುತ್ತಿದ್ದೇನೆ. ಆದರೆ ನೀರು ಅಷ್ಟು ಇಳಿಯುವ ಮೊದಲೇ ಮಣ್ಣು ಬೆರಳು ತೂರುವಷ್ಟು ಬಿರುಕು ಬಿಡುತ್ತಿದ್ದು, ಆಮೇಲೆ ಹಾಯಿಸಿದ ನೀರೆಲ್ಲ ಆ ಬಿರುಕುಗಳಲ್ಲೇ ಇಂಗಿಹೋಗುತ್ತಿದೆ. ಬದುಗಳನ್ನು ಕೆಸರಿನಿಂದ ಮೆತ್ತಿ ಭದ್ರಪಡಿಸಿದರೂ ವ್ಯತ್ಯಾಸವಾಗಲಿಲ್ಲ. ಬಿರುಕಿಗೆ ಹೆದರಿ ಬೇಗನೆ ನೀರು ಬಿಟ್ಟರೆ, ಮಣ್ಣಿಗೆ ಗಾಳಿ ಸಾಲದೆ ಇಷ್ಟೆಲ್ಲ ಮಾಡಿದ ಉದ್ದೇಶವೇ ಕೆಡುತ್ತದೆ ಎಂಬ ಆತಂಕ ನನ್ನದು. ಹೂ ಬಿಡುವಾಗ ಗದ್ದೆ ಆರಬಾರದೆಂಬುದು ತಿಳಿದಿದೆ. ಅದಕ್ಕೂ ಮುಂಚೆ, ತೆಂಡೆ ಒಡೆಯುವ (ಪೈರಿನ ಬುಡದಿಂದ ಹೊಸ ಕವಲು ಬರುವ) ಹಂತದಲ್ಲಿ, ಎರೆಮಣ್ಣಿನಲ್ಲಿ ಈ ಕ್ರಮ ಅನುಸರಿಸಿದವರು ಪೈಪಿನಲ್ಲಿ ನೀರು ಎಷ್ಟು ಸೆಂ.ಮೀ. ಇಳಿದಾಗ ಹಾಯಿಸುತ್ತೀರಿ? ದಯವಿಟ್ಟು ತಿಳಿಸಿ.