ಎಲ್‌ಡಿಎಲ್‌ಗೆ ‘ಕಡಿಮೆ ಸಾಂದ್ರತೆಯ ಕೊಬ್ಬು’ ಅನ್ನುವುದು ಸರಿಯಾ?

ಎಲ್ಲರಿಗೂ ನಮಸ್ಕಾರ.

ಹೋದ ವಾರ ನಮ್ಮ ಚಿಕ್ಕಪ್ಪ ಅರಕಲಗೂಡಿನಿಂದ ಹಾಸನಕ್ಕೆ ಬಂದಿದ್ದರು. ಕೈಯಲ್ಲಿ ರಕ್ತ ಪರೀಕ್ಷೆಯ ರಿಪೋರ್ಟು, ಎಲ್‌ಡಿಎಲ್ (ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ಸಾಗುವ ಒಂದು ಬಗೆಯ ಕಣ) 168, ಅಂದರೆ ಜಾಸ್ತಿ. ಜೊತೆಗೊಂದು ಕನ್ನಡ ಕರಪತ್ರ. ಅದರಲ್ಲಿ ಎಲ್‌ಡಿಎಲ್ ಅಂದರೆ ‘ಕಡಿಮೆ ಸಾಂದ್ರತೆಯ ಕೊಬ್ಬು’ ಅಂತ ಅಚ್ಚಾಗಿತ್ತು. ಅವರು ಆ ‘ಕಡಿಮೆ’ ಮೇಲೆ ಬೆರಳಿಟ್ಟು, “ನೋಡಪ್ಪಾ, ಕಡಿಮೆ ಅಂತಲೇ ಬರೆದವ್ರೆ, ಮತ್ಯಾಕೆ ಮಾತ್ರೆ?” ಅಂದರು. ಕೊಲೆಸ್ಟರಾಲ್ ಇಳಿಸಲು ಕೊಟ್ಟಿದ್ದ ಸ್ಟ್ಯಾಟಿನ್ ಮಾತ್ರೆಯ ಪಟ್ಟಿ ಒಡೆಯದೆ ಹಾಗೇ ಇತ್ತು. ನನಗೆ ನಿಜವಾಗಿ ಭಯವಾಯಿತು.

ಈ ಹೆಸರು ಬಂದದ್ದು ಪ್ರಯೋಗಾಲಯದಿಂದ. 1950ರ ಸುಮಾರಿಗೆ ಅಮೆರಿಕದ ಬರ್ಕ್ಲಿಯಲ್ಲಿ ಜಾನ್ ಗಾಫ್ಮನ್ ತಂಡದವರು ರಕ್ತದ ಸೀರಮ್‌ಗೆ ಉಪ್ಪು ಸೇರಿಸಿ, ಅಲ್ಟ್ರಾಸೆಂಟ್ರಿಫ್ಯೂಜ್ ಅನ್ನುವ ಯಂತ್ರದಲ್ಲಿ ಜೋರಾಗಿ ತಿರುಗಿಸಿ, ಮೇಲಕ್ಕೆ ತೇಲಿ ಬಂದ ಕಣಗಳನ್ನು ಬೇರೆ ಮಾಡಿ ನೋಡುತ್ತಿದ್ದರು. ಮೊಸರು ಕಡೆದಾಗ ಬೆಣ್ಣೆ ಮೇಲೆ ಬರುತ್ತದಲ್ಲ, ಹೆಚ್ಚುಕಮ್ಮಿ ಹಾಗೆ. ಕೊಬ್ಬು ಜಾಸ್ತಿ, ಪ್ರೋಟೀನ್ ಕಡಿಮೆ ಇದ್ದರೆ ಕಣ ಹಗುರ, ಅಂದರೆ ಸಾಂದ್ರತೆ ಕಡಿಮೆ, ಅದು ಎಲ್‌ಡಿಎಲ್. ಪ್ರೋಟೀನ್ ಜಾಸ್ತಿ ಇದ್ದು ಸಾಂದ್ರತೆ ಹೆಚ್ಚಿರುವ ಇನ್ನೊಂದು ಬಗೆಯ ಕಣ ಎಚ್‌ಡಿಎಲ್. ರಕ್ತದಲ್ಲಿ ಎಲ್‌ಡಿಎಲ್ ಎಷ್ಟಿದೆ ಅನ್ನುವುದಕ್ಕೂ ಈ ‘ಕಡಿಮೆ’ಗೂ ಸಂಬಂಧವೇ ಇಲ್ಲ.

‘ಹಗುರ ಕಣ’ ಅನ್ನೋಣ ಅಂದರೆ, ಹಗುರ ಅಂದ ಕೂಡಲೇ ಜನ ‘ಏನೂ ಆಗಲ್ಲ’ ಅಂದುಕೊಳ್ಳುತ್ತಾರೆ.

ಎಲ್‌ಡಿಎಲ್‌ಗೆ ‘ಕೆಟ್ಟ ಕೊಲೆಸ್ಟರಾಲ್’, ಎಚ್‌ಡಿಎಲ್‌ಗೆ ‘ಒಳ್ಳೆ ಕೊಲೆಸ್ಟರಾಲ್’ ಅನ್ನುವುದೂ ನನಗೆ ಒಪ್ಪಿಗೆಯಿಲ್ಲ. ಕೊಲೆಸ್ಟರಾಲ್ ಎರಡರಲ್ಲೂ ಒಂದೇ. ನಮ್ಮ ಮಾರ್ಕೆಟ್ಟಿಗೆ ಬರುವ ಲಾರಿಯಲ್ಲೂ ಹೋಗುವ ಲಾರಿಯಲ್ಲೂ ಇರುವುದು ಅದೇ ಆಲೂಗಡ್ಡೆ ತಾನೆ? ಎಲ್‌ಡಿಎಲ್ ವಿಷಯದಲ್ಲಿ ‘ಕೆಟ್ಟ’ ಅನ್ನುವುದಕ್ಕಾದರೂ ಆಧಾರ ಇದೆ. ಅದನ್ನು ರಕ್ತದಿಂದ ಎಳೆದುಕೊಳ್ಳುವ ರಿಸೆಪ್ಟರ್ (ಜೀವಕೋಶದ ಮೇಲಿರುವ ಕೊಂಡಿಯಂಥದ್ದು) ಹುಟ್ಟಿನಿಂದಲೇ ಕೆಟ್ಟಿದ್ದರೆ ಮಕ್ಕಳಿಗೇ ಹೃದಯಾಘಾತ ಆಗಬಹುದು. ಆ ರಿಸೆಪ್ಟರನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ‘ಒಳ್ಳೆ’ ಅನ್ನುವುದಕ್ಕೆ ಅಷ್ಟು ಬಲ ಇಲ್ಲ. ಡಾಲ್ಸೆಟ್ರಾಪಿಬ್ ಅನ್ನುವ ಔಷಧ ಎಚ್‌ಡಿಎಲ್ ಏರಿಸಿತು, ಹೃದಯಾಘಾತ ಮಾತ್ರ ಕಡಿಮೆಯಾಗಲಿಲ್ಲ, 2012ರಲ್ಲಿ ಅದರ ಪ್ರಯೋಗವನ್ನೇ ನಿಲ್ಲಿಸಿದರು.

ಹಾಗಾಗಿ ಮಾಡುವ ಕೆಲಸದಿಂದಲೇ ಹೆಸರಿಡೋಣ ಅಂತ ನನ್ನ ಆಸೆ. ಎಲ್‌ಡಿಎಲ್ ‘ತರುವ ಕಣ’, ಕೊಲೆಸ್ಟರಾಲನ್ನು ಲಿವರ್‌ನಿಂದ ಮೈಗೆ ತರುತ್ತದೆ. ಎಚ್‌ಡಿಎಲ್ ‘ಒಯ್ಯುವ ಕಣ’, ವಾಪಸ್ ಲಿವರ್‌ಗೆ. ಚಿಕ್ಕಪ್ಪನಿಗೆ, “ತರೋದು ಜಾಸ್ತಿಯಾಗಿ ರಕ್ತನಾಳದ ಗೋಡೇಲಿ ಉಳ್ಕೊಳ್ತಿದೆ” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾತ್ರೆ ರಾತ್ರಿನಾ ಬೆಳಿಗ್ಗೆನಾ ಅಂತ ಕೇಳಿದರು.

ಒಂದೇ ತೊಡಕು. ‘ಒಯ್ಯು’ ಧಾರವಾಡದ ಕಡೆ ದಿನಬಳಕೆಯ ಮಾತು, ನಮ್ಮ ಕಡೆ ‘ತಗೊಂಡ್ ಹೋಗು’ ಅಂತಲೇ ಅನ್ನುವುದು. ಎರಡೂ ಕಡೆಯವರಿಗೆ ಹಿಡಿಸುವ ಬೇರೆ ಪದ ಇದೆಯಾ? ನಿಮ್ಮೂರಿನ ನರ್ಸಮ್ಮ, ಆಶಾ ಕಾರ್ಯಕರ್ತೆಯರು ಇದಕ್ಕೆ ಏನಂತಾರೆ? ದಯವಿಟ್ಟು ಅವರು ಆಡುವ ಮಾತನ್ನೇ ಬರೆಯಿರಿ.